ಊರ ಬಾಗಿಲಲ್ಲೇ ತಡೆಯಬೇಕಾದ ಪೀಡೆಗಳು

(ದೊಡ್ಡಮಳೂರಿನಲ್ಲಿ ರೈತರು, ಮಹಿಳೆಯರು ಮತ್ತು ವಿದ್ಯಾರ್ಥಿಗಳ ಸಭೆಯಲ್ಲಿ ನೀಡಿದ ಉಪನ್ಯಾಸದ ಬರಹರೂಪ)



ಕಣ್ವ ನದಿಯ ದಂಡೆಯಲ್ಲಿರುವ ಈ ಊರಿಗೆ ಅಪ್ರಮೇಯಸ್ವಾಮಿಯ ದರ್ಶನಕ್ಕೆಂದೂ ಅಂಬೆಗಾಲು ಕೃಷ್ಣನಿಗೆ ತೊಟ್ಟಿಲ ಹರಕೆ ಸಲ್ಲಿಸಲೆಂದೂ ನಾಡಿನ ಮೂಲೆಮೂಲೆಗಳಿಂದ ಜನರು ಬರುತ್ತಾರೆ. ಬೆಂಗಳೂರು–ಮೈಸೂರು ರಸ್ತೆ ಊರಿನ ಮಗ್ಗುಲಲ್ಲೇ ಹಾದುಹೋಗಿದೆ. ಈ ಸೀಮೆಯ ಎಳನೀರು, ಮಾವು, ರೇಷ್ಮೆಗೂಡು ಹೊರಗೆ ಹೋಗುತ್ತವೆ. ಸಸಿ, ಬಿತ್ತನೆ ಬೀಜ, ಮೇವು, ಗೊಬ್ಬರ, ಮಣ್ಣು ಒಳಗೆ ಬರುತ್ತವೆ. ಈ ಸರಕಿನ ಜೊತೆಯಲ್ಲಿ ಯಾರೂ ಕರೆಯದ ಜೀವಿಗಳೂ ಬರುತ್ತವೆ. ಇಂದು ನಾನು ಮಾತನಾಡಬೇಕಾಗಿರುವುದು ಅವುಗಳ ಕುರಿತು. ನನ್ನ ಮಾತಿನ ತಾತ್ಪರ್ಯವನ್ನು ಮೊದಲೇ ಹೇಳಿಬಿಡುತ್ತೇನೆ: ಇಂತಹ ಪೀಡೆಗಳಲ್ಲಿ ಬಹುಪಾಲು ಮನುಷ್ಯನ ಕೈಯಿಂದಲೇ ಊರಿಂದೂರಿಗೆ ಸಾಗಿವೆ. ಆದುದರಿಂದ ಅವುಗಳನ್ನು ತಡೆಯುವ ಶಕ್ತಿಯೂ ವಿಜ್ಞಾನಿಗಳಿಗಿಂತ ಹೆಚ್ಚಾಗಿ, ಸರಕನ್ನು ಹೊರುವ, ಸಸಿಯನ್ನು ಕೊಳ್ಳುವ, ದಿನವೂ ಹೊಲದ ಬದುವಿನ ಮೇಲೆ ನಡೆದಾಡುವ ಸಾಮಾನ್ಯ ಜನರಲ್ಲಿದೆ.

ಹೊರಗಿನದೆಲ್ಲವೂ ಪೀಡೆಯೇ?

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ದೂರ ಮಾಡಬೇಕಾಗಿದೆ. ಹೊರಗಿನಿಂದ ಬಂದುದೆಲ್ಲವೂ ಶತ್ರುವಲ್ಲ. ನಮ್ಮ ನಿತ್ಯದ ಮುದ್ದೆಗೆ ಆಧಾರವಾದ ರಾಗಿ ಸಾವಿರಾರು ವರ್ಷಗಳ ಹಿಂದೆ ಪೂರ್ವ ಆಫ್ರಿಕಾದಿಂದ ಬಂದ ಧಾನ್ಯ. ಮೆಣಸಿನಕಾಯಿ, ಟೊಮೆಟೊ, ಪರಂಗಿ, ಕಡಲೆಕಾಯಿ, ಮುಸುಕಿನ ಜೋಳ ಇವೆಲ್ಲವೂ ಅಮೆರಿಕ ಖಂಡದವು. ಇವು ನಾವು ಬೆಳೆದರೆ ಮಾತ್ರ ಬೆಳೆಯುತ್ತವೆ. ಬೆಳೆಯುವುದನ್ನು ಬಿಟ್ಟರೆ ಹೊಲದಿಂದ ಮರೆಯಾಗುತ್ತವೆ. ಆಕ್ರಮಣಕಾರಿ ಜೀವಿಯ ಲಕ್ಷಣ ಇದಕ್ಕಿಂತ ಭಿನ್ನ. ಅದು ಹೊಸ ನೆಲದಲ್ಲಿ ತಾನಾಗಿಯೇ ನೆಲೆಯೂರಿ, ಹಬ್ಬಿ, ಅಲ್ಲಿನ ಬೆಳೆ, ಹುಲ್ಲು, ಮೀನು, ಕಾಡುಗಳನ್ನು ಒತ್ತರಿಸುತ್ತದೆ.

ತವರಿನಲ್ಲಿ ಸಾಧುವಾಗಿದ್ದ ಜೀವಿ ಇಲ್ಲಿ ಉಗ್ರವಾಗಲು ಕಾರಣವೇನು? ತನ್ನ ಮೂಲ ನೆಲೆಯಲ್ಲಿ ಪ್ರತಿಯೊಂದು ಗಿಡಕ್ಕೂ ಅದನ್ನು ತಿನ್ನುವ ಹುಳುವಿರುತ್ತದೆ, ಪ್ರತಿಯೊಂದು ಹುಳುವಿಗೂ ಅದರ ಒಡಲಲ್ಲಿ ಮೊಟ್ಟೆಯಿಡುವ ಕಣಜವಿರುತ್ತದೆ. ದೂರದೇಶಕ್ಕೆ ಪಯಣಿಸುವಾಗ ಈ ವೈರಿಗಳು ಹಿಂದೆಯೇ ಉಳಿಯುತ್ತವೆ. ಲಗಾಮಿಲ್ಲದ ಕುದುರೆಯಂತೆ ಆ ಜೀವಿ ಹೊಸ ನೆಲದಲ್ಲಿ ಓಡತೊಡಗುತ್ತದೆ. ವಿಶ್ವಸಂಸ್ಥೆಯ ಆಶ್ರಯದಲ್ಲಿ ರೂಪುಗೊಂಡ ಜೀವವೈವಿಧ್ಯ ವೇದಿಕೆಯು 2023ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಮನುಷ್ಯನ ಚಟುವಟಿಕೆಯಿಂದ ಹೊಸ ನೆಲೆಗಳನ್ನು ಸೇರಿದ ಜೀವಿಗಳು ಜಗತ್ತಿನಲ್ಲಿ 37,000ಕ್ಕೂ ಹೆಚ್ಚು. ಅವುಗಳಲ್ಲಿ ಹಾನಿಕಾರಕವೆಂದು ದಾಖಲಾದವು ಸುಮಾರು 3,500. ಹತ್ತರಲ್ಲಿ ಒಂದು ಮಾತ್ರ ಅಪಾಯಕಾರಿ. ಆದರೆ ಆ ಒಂದು ಯಾವುದೆಂದು ಮೊದಲೇ ತಿಳಿಯುವುದು ಕಷ್ಟ.

ರೇಷ್ಮೆ ಸೀಮೆ ಕಲಿಸಿದ ಎರಡು ಪಾಠಗಳು

ಇದಕ್ಕೆ ಉದಾಹರಣೆಯನ್ನು ಹುಡುಕಿಕೊಂಡು ನಾವು ದೂರ ಹೋಗಬೇಕಾಗಿಲ್ಲ. ಇಲ್ಲಿ ಕುಳಿತಿರುವವರಲ್ಲಿ ಹಲವರ ಮನೆಯಲ್ಲಿ ಹುಳು ಸಾಕಣೆಯಿದೆ. ಊಜಿ ನೊಣವನ್ನು ಅರಿಯದವರು ನಿಮ್ಮಲ್ಲಿ ಯಾರೂ ಇರಲಾರರು. ಆದರೆ 1980ಕ್ಕೆ ಮುಂಚೆ ಕರ್ನಾಟಕದ ರೇಷ್ಮೆ ಬೆಳೆಗಾರರಿಗೆ ಈ ನೊಣದ ಕಾಟವಿರಲಿಲ್ಲವೆಂಬುದನ್ನು ಇಂದಿನ ತರುಣರು ಬಹುಶಃ ಅರಿಯರು. ಅದು ಪಶ್ಚಿಮ ಬಂಗಾಳದ ರೇಷ್ಮೆ ಪ್ರದೇಶದ ಹಳೆಯ ಪೀಡೆ. ಅಲ್ಲಿಂದ ತಂದ ಜೀವಂತ ಗೂಡುಗಳ ಜೊತೆಯಲ್ಲಿ 1980ರಲ್ಲಿ ಅದು ನಮ್ಮ ರಾಜ್ಯವನ್ನು ಪ್ರವೇಶಿಸಿತು. ಅಷ್ಟು ದೂರವನ್ನು ನೊಣ ಹಾರಿ ಬರಲಿಲ್ಲ. ಗೂಡಿನ ಮೂಟೆಯಲ್ಲಿ ಕುಳಿತು ಬಂದಿತು. ಇಲ್ಲಿ ವರ್ಷವಿಡೀ ಹುಳು ಸಾಕಣೆ ನಡೆಯುವುದರಿಂದ ಅದಕ್ಕೆ ಆಹಾರದ ಕೊರತೆಯೇ ಆಗಲಿಲ್ಲ. ಕೆಲವೇ ವರ್ಷಗಳಲ್ಲಿ ರೇಷ್ಮೆ ಸೀಮೆಯೆಲ್ಲವನ್ನೂ ಆವರಿಸಿತು.

ಅದರ ಜೀವನಕ್ರಮವನ್ನು ಗಮನಿಸಿ. ಹೆಣ್ಣು ನೊಣ ರೇಷ್ಮೆ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಎರಡು ಮೂರು ದಿನಗಳಲ್ಲಿ ಹೊರಬರುವ ಮರಿ ಹುಳುವಿನ ಚರ್ಮವನ್ನು ಕೊರೆದು ಒಳಗೆ ಸೇರುತ್ತದೆ. ಕೊರೆದೆಡೆಯಲ್ಲಿ ಕಪ್ಪು ಕಲೆಯೊಂದು ಉಳಿಯುತ್ತದೆ. ಎಳೆಯ ಹುಳುವಾದರೆ ಗೂಡು ಕಟ್ಟುವ ಮೊದಲೇ ಸಾಯುತ್ತದೆ. ಹಣ್ಣಾಗುವ ಹಂತದ ಹುಳುವಾದರೆ ಗೂಡು ಕಟ್ಟುತ್ತದೆ, ಆದರೆ ನೊಣದ ಮರಿ ಆ ಗೂಡನ್ನು ತೂತು ಮಾಡಿಕೊಂಡು ಹೊರಬರುತ್ತದೆ. ತೂತಾದ ಗೂಡಿನ ಎಳೆ ತುಂಡಾಗುವುದರಿಂದ ಅದನ್ನು ಬಿಚ್ಚಲಾಗದು. ಒಂದು ತಿಂಗಳ ದುಡಿಮೆ ಕೊನೆಯ ವಾರದಲ್ಲಿ ಹಾಳಾಗುತ್ತದೆ. ಹೊರಬಂದ ಮರಿಗಳು ನೆಲದ ಬಿರುಕು, ಚಂದ್ರಿಕೆಯ ಕೆಳಗಿನ ಕಸ, ಗೂಡಿನ ಚೀಲದ ಮಡಿಕೆ ಮುಂತಾದ ಕತ್ತಲೆಯ ಸ್ಥಳಗಳಲ್ಲಿ ಕೋಶವಾಗುತ್ತವೆ. ಅಂದರೆ ರಾಮನಗರದ ಗೂಡಿನ ಮಾರುಕಟ್ಟೆಗೆ ಹೋದ ಚೀಲವನ್ನು ಕೊಡವದೆ ಮನೆಗೆ ತಂದರೆ ಬೇರೊಬ್ಬರ ಹುಳು ಮನೆಯ ನೊಣವನ್ನು ನಮ್ಮ ಮನೆಗೆ ನಾವೇ ಕರೆತಂದಂತಾಗುತ್ತದೆ.

ಎರಡನೆಯದು ಪರಂಗಿಯ ಹಿಟ್ಟು ತಿಗಣೆಯ ಕಥೆ. ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ ಈ ಕೀಟ ಭಾರತದಲ್ಲಿ ಮೊದಲು ಕಂಡುಬಂದುದು 2008ರಲ್ಲಿ, ಕೊಯಮತ್ತೂರಿನಲ್ಲಿ. ಪರಂಗಿ, ಮರಗೆಣಸು, ದಾಸವಾಳಗಳ ಜೊತೆಗೆ ಹಿಪ್ಪುನೇರಳೆಯನ್ನೂ ಅದು ಹಿಡಿಯಿತು. ಹಿಪ್ಪುನೇರಳೆಯ ಕುಡಿಯನ್ನು ಮುರುಟಿಸುವ ತುಕ್ರ ರೋಗಕ್ಕೆ ಕಾರಣವಾಗುವ ಬೇರೊಂದು ಹಿಟ್ಟು ತಿಗಣೆ ನಿಮಗೆ ಮೊದಲೇ ಪರಿಚಿತ. ಹೊಸದು ಅದಕ್ಕಿಂತ ಉಗ್ರವಾಗಿತ್ತು. ಕಾಂಡ, ಎಲೆ, ಕಾಯಿಗಳ ಮೇಲೆ ಹತ್ತಿ ಅಂಟಿಸಿದಂತೆ ಮುತ್ತಿಕೊಂಡಿತು. ರೇಷ್ಮೆ ಬೆಳೆಗಾರನ ಸಂಕಟ ಇಲ್ಲಿ ಇಮ್ಮಡಿಯಾಗುತ್ತದೆ. ತಿಗಣೆ ಸಾಯಲೆಂದು ವಿಷ ಸಿಂಪಡಿಸಿದರೆ ಆ ಸೊಪ್ಪನ್ನು ತಿಂದ ರೇಷ್ಮೆ ಹುಳುವೂ ಸಾಯುತ್ತದೆ.

ಪರಿಹಾರ ಬಂದುದು ಕೀಟದ ತವರಿನ ಕಡೆಯಿಂದಲೇ. ಹಿಟ್ಟು ತಿಗಣೆಯೊಳಗೆ ಮೊಟ್ಟೆಯಿಟ್ಟು ಅದನ್ನು ಕೊಲ್ಲುವ ಮೂರು ಜಾತಿಯ ಪುಟ್ಟ ಕಣಜಗಳನ್ನು 2010ರಲ್ಲಿ ಪೋರ್ಟೊರಿಕೊದಿಂದ ತರಿಸಿ, ಬೆಂಗಳೂರಿನ ರಾಷ್ಟ್ರೀಯ ಕೀಟ ಸಂಸ್ಥೆಯಲ್ಲಿ ಪರೀಕ್ಷಿಸಿ, ರೈತರ ತೋಟಗಳಲ್ಲಿ ಬಿಡಲಾಯಿತು. ಅವುಗಳಲ್ಲಿ ಅಸೆರೊಫೇಗಸ್ ಪಪಾಯೆ ಎಂಬ ಕಣಜ ಅದ್ಭುತವಾದ ಕೆಲಸ ಮಾಡಿತು. ಕೆಲವೇ ತಿಂಗಳುಗಳಲ್ಲಿ ಪೀಡೆಯ ಸೊಕ್ಕು ಅಡಗಿತು. ಎಲ್ಲಿ ರೈತರು ಆತುರಪಟ್ಟು ಕೀಟನಾಶಕ ಸುರಿದರೋ ಅಲ್ಲಿ ಈ ಕಣಜವೂ ಸತ್ತು ಪೀಡೆ ಉಳಿಯುತ್ತದೆ ಎಂಬುದು ಇದರಿಂದ ಗ್ರಹಿಸಬೇಕಾದ ನೀತಿ.

ಎಲ್ಲ ಪೀಡೆಗಳಿಗೂ ಇಂತಹ ಕಣಜ ದೊರೆಯುತ್ತದೆಂದು ಯಾರೂ ಭಾವಿಸಬಾರದು. ದೊರೆತರೂ ಅದನ್ನು ಹುಡುಕಿ, ಪರೀಕ್ಷಿಸಿ, ಬಿಡುವಷ್ಟರಲ್ಲಿ ರೈತನ ಎಷ್ಟೋ ಬೆಳೆಗಳು ಕೈತಪ್ಪಿರುತ್ತವೆ. ಅದಕ್ಕಾಗಿಯೇ ತಡೆ ಮೊದಲು, ಚಿಕಿತ್ಸೆ ಆಮೇಲೆ ಎಂದು ನಾವು ಹೇಳುವುದು.

ಕಾವಲು ಯಾರದು?

ಹೊರದೇಶದ ಸಸ್ಯಪೀಡೆಗಳನ್ನು ತಡೆಯಲು ನಮ್ಮಲ್ಲಿ 1914ರಷ್ಟು ಹಿಂದೆಯೇ ಕಾನೂನು ಬಂದಿತು. ಆಮದಾಗುವ ಬೀಜ, ಸಸಿಗಳ ಪರೀಕ್ಷೆಗೆ 2003ರ ಸಸ್ಯ ಸಂಪರ್ಕತಡೆ ಆದೇಶವಿದೆ. ಆದರೆ ಆ ಕಾವಲು ಇರುವುದು ಬಂದರು ಮತ್ತು ವಿಮಾನ ನಿಲ್ದಾಣಗಳಲ್ಲಿ. ಒಮ್ಮೆ ಆ ಬಾಗಿಲನ್ನು ದಾಟಿ ಒಳಬಂದ ಪೀಡೆಗೆ ಊರಿಂದೂರಿಗೆ ಹೋಗಲು ತಡೆಯೇ ಇಲ್ಲ. ತೆಂಗನ್ನು ಕಾಡುತ್ತಿರುವ ಸುರುಳಿಯಾಕಾರದ ಬಿಳಿನೊಣವನ್ನೇ ನೋಡಿ. 2016ರಲ್ಲಿ ತಮಿಳುನಾಡಿನ ಪೊಳ್ಳಾಚಿಯಲ್ಲಿ ಕಾಣಿಸಿಕೊಂಡ ಅದು ಸಸಿ ಮತ್ತು ಗರಿಗಳ ಸಾಗಣೆಯ ಜೊತೆಯಲ್ಲಿ ದಕ್ಷಿಣದ ತೆಂಗಿನ ಸೀಮೆಗಳಿಗೆ ಹರಡಿತು. ಪೊಳ್ಳಾಚಿಗೂ ಚನ್ನಪಟ್ಟಣಕ್ಕೂ ನಡುವೆ ಸಸಿಯನ್ನು ಪರೀಕ್ಷಿಸುವ ಬಾಗಿಲು ಯಾವುದಿದೆ? ಸಸಿ ಕೊಳ್ಳುವ ರೈತನ ಕಣ್ಣೇ ಆ ಬಾಗಿಲು.

ರೆಕ್ಕೆಯ ಬಲದಿಂದಲೇ ದೂರ ಸಾಗುವ ಪೀಡೆಗಳೂ ಇವೆ. ಅಮೆರಿಕ ಮೂಲದ ಫಾಲ್ ಸೈನಿಕ ಹುಳುವಿನ ಪತಂಗ ಒಂದೇ ರಾತ್ರಿಯಲ್ಲಿ ನೂರು ಕಿಲೋಮೀಟರ್ ಹಾರಬಲ್ಲದು. ಭಾರತದಲ್ಲಿ ಅದು ಮೊದಲು ಪತ್ತೆಯಾದುದು ನಮ್ಮ ಶಿವಮೊಗ್ಗದ ಮುಸುಕಿನ ಜೋಳದ ಹೊಲಗಳಲ್ಲಿ, 2018ರ ಮೇ ತಿಂಗಳಿನಲ್ಲಿ. ಅಂತಹುದನ್ನು ಬಾಗಿಲಲ್ಲಿ ತಡೆಯಲಾಗದು. ಅಲ್ಲಿ ಉಪಯೋಗಕ್ಕೆ ಬರುವುದು ಬೇಗನೆ ಗುರುತಿಸುವ ಕಣ್ಣು. ಎಲೆಯ ಮೇಲಿನ ಮೊಟ್ಟೆಯ ಗುಂಪನ್ನು ಕೈಯಿಂದ ಆರಿಸಿ ಹೊಸಕಿದರೆ ನೂರಾರು ಹುಳುಗಳು ಹುಟ್ಟುವ ಮೊದಲೇ ನಾಶವಾಗುತ್ತವೆ.

ನಾವು ಮಾಡಬಹುದಾದ ಕೆಲಸಗಳು

ಇನ್ನು ಕೆಲಸದ ಮಾತಿಗೆ ಬರೋಣ. ಮೊದಲನೆಯದು ಹುಳು ಮನೆ ಮತ್ತು ತೋಟ. ಹುಳು ಮನೆಯ ಬಾಗಿಲು, ಕಿಟಕಿಗಳಿಗೆ ನೊಣ ನುಸುಳದ ಬಲೆಯಿರಲಿ. ಒಳಗೊಂದು ಪುಟ್ಟ ಮುಂಗೋಣೆ ಮಾಡಿ ಎರಡು ಬಾಗಿಲಿಟ್ಟರೆ ಇನ್ನೂ ಉತ್ತಮ. ಗೂಡು ಬಿಡಿಸಿದ ದಿನವೇ ನೆಲದ ಕಸವನ್ನು ಗುಡಿಸಿ, ಊಜಿಯ ಮರಿ ಮತ್ತು ಕೋಶಗಳನ್ನು ಆರಿಸಿ ಸಾಬೂನಿನ ನೀರಿನಲ್ಲಿ ಮುಳುಗಿಸಿ ಕೊಲ್ಲಬೇಕು. ಮಾರುಕಟ್ಟೆಯಿಂದ ಮರಳಿದ ಚೀಲವನ್ನು ಕುದಿಯುವ ನೀರಿನಲ್ಲಿ ಅದ್ದಿ ಒಣಗಿಸಿರಿ. ಊಜಿಯ ಕೋಶವನ್ನು ಕೊಲ್ಲುವ ನೆಸೊಲಿಂಕ್ಸ್ ಕಣಜಗಳ ಬಗ್ಗೆ ರೇಷ್ಮೆ ಇಲಾಖೆಯಲ್ಲಿ ವಿಚಾರಿಸಿರಿ. ಒಬ್ಬರು ಮಾತ್ರ ಮಾಡಿದರೆ ಪಕ್ಕದ ಮನೆಯ ನೊಣ ಬರುತ್ತದೆ. ಊರಿಡೀ ಒಂದೇ ವಾರದಲ್ಲಿ ಮಾಡಿದರೆ ಫಲ ಕಾಣುತ್ತದೆ. ಹಿಪ್ಪುನೇರಳೆ ಕಡ್ಡಿ, ತೆಂಗಿನ ಸಸಿ, ಪರಂಗಿ ಸಸಿಗಳನ್ನು ತರುವಾಗ ಎಲೆಯ ಅಡಿಭಾಗವನ್ನು ತಿರುಗಿಸಿ ನೋಡಿ. ಬಿಳಿಯ ಹಿಟ್ಟು, ಅಂಟು, ಕಪ್ಪು ಬೂಷ್ಟು ಕಂಡರೆ ಅಗ್ಗವೆಂದು ತರಬೇಡಿ. ತಂದ ಸಸಿಯನ್ನು ಎರಡು ಮೂರು ವಾರ ತೋಟದಿಂದ ದೂರವಿಟ್ಟು ಗಮನಿಸಿ, ಆಮೇಲೆ ನೆಡಿ.

ಎರಡನೆಯದು ಕಾಂಗ್ರೆಸ್ ಗಿಡ. ವಿದೇಶದ ಗೋಧಿಯೊಡನೆ ಬಂದಿತೆಂದು ಹೇಳಲಾಗುವ ಈ ಕಳೆಯನ್ನು 1950ರ ದಶಕದ ನಡುವಿನಲ್ಲಿ ಪುಣೆಯಲ್ಲಿ ಗುರುತಿಸಲಾಯಿತು. ಇಂದು ಅದಿಲ್ಲದ ಬದುವಿಲ್ಲ. ಚರ್ಮದ ತುರಿಕೆ, ಉಬ್ಬಸಗಳನ್ನು ತರುವುದಲ್ಲದೆ ಪರಂಗಿಯ ಹಿಟ್ಟು ತಿಗಣೆಗೂ ಅದು ಆಶ್ರಯ ನೀಡುತ್ತದೆ. ಹಿಪ್ಪುನೇರಳೆ ತೋಟದ ಅಂಚಿನಲ್ಲಿ ಅದನ್ನು ಬಿಡುವುದು ಪೀಡೆಗೆ ಛತ್ರ ಕಟ್ಟಿದಂತೆ. ಒಂದು ಗಿಡ ಸಾವಿರಾರು ಬೀಜ ಉದುರಿಸುತ್ತದೆ. ಹೂ ಬಿಡುವ ಮೊದಲು ಕಿತ್ತರೆ ಅದು ಗೊಬ್ಬರ. ಬೀಜ ಕಟ್ಟಿದ ಮೇಲೆ ಕಿತ್ತು ಎಸೆದರೆ ಅದೇ ಬಿತ್ತನೆ. ಮಳೆ ಬಿದ್ದ ಮೂರು ನಾಲ್ಕು ವಾರಗಳಲ್ಲಿ, ನೆಲ ಹಸಿಯಾಗಿರುವಾಗ, ಕೈಗವಸು ಧರಿಸಿ ಬೇರುಸಹಿತ ಕೀಳಬೇಕು. ಕಿತ್ತ ನೆಲವನ್ನು ಬರಿದಾಗಿ ಬಿಡದೆ ಹುರುಳಿಯನ್ನೋ ಮೇವಿನ ಹುಲ್ಲನ್ನೋ ಬಿತ್ತಬೇಕು. ಈ ಗಿಡವನ್ನು ತಿನ್ನುವ ಮೆಕ್ಸಿಕೊದ ದುಂಬಿಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಎಲೆಗಳ ಮೇಲೆ ಬಿಳಿಹಳದಿ ಮೈಯ, ಕಂದು ಗೆರೆಗಳ ಆ ಪುಟ್ಟ ದುಂಬಿಯನ್ನು ಕಂಡರೆ ಕೊಲ್ಲಬೇಡಿ.

ಮೂರನೆಯದು ಕೆರೆ. ನೇರಳೆ ಬಣ್ಣದ ಚೆಲುವಾದ ಹೂವಿಗಾಗಿ 19ನೆಯ ಶತಮಾನದ ಕೊನೆಯಲ್ಲಿ ಬಂಗಾಳಕ್ಕೆ ತಂದ ವಾಟರ್ ಹಯಸಿಂತ್ ಎಂಬ ತೇಲುಕಳೆ ಇಂದು ನಾಡಿನ ಕೆರೆಗಳನ್ನು ಮುಚ್ಚುತ್ತಿದೆ. ಕೊಳಚೆ ಸೇರುವ ನೀರಿನಲ್ಲಿ ಅದು ಸುಮಾರು ಎರಡು ವಾರಗಳಲ್ಲಿ ಇಮ್ಮಡಿಯಾಗಬಲ್ಲದು. ಈ ತಾಲ್ಲೂಕಿನಲ್ಲಿ ಇಗ್ಗಲೂರಿನಿಂದ ಶಿಂಷಾ ನದಿಯ ನೀರನ್ನೆತ್ತಿ ಕೆರೆ ತುಂಬಿಸುವ ವ್ಯವಸ್ಥೆಯಿದೆ. ನೀರು ಬಂದುದು ನಮ್ಮ ಭಾಗ್ಯ. ಆದರೆ ಒಂದಕ್ಕೊಂದು ಹೆಣೆದುಕೊಂಡ ಕೆರೆಗಳಲ್ಲಿ ಒಂದಕ್ಕೆ ಬಿದ್ದ ಕಳೆ ಕೋಡಿ, ಕಾಲುವೆಗಳ ಮೂಲಕ ಇನ್ನೊಂದಕ್ಕೆ ಹೋಗಲು ದಾರಿಯಾಗುತ್ತದೆ. ಆದುದರಿಂದ ಪ್ರತಿ ಕೆರೆಯ ಕೋಡಿಯನ್ನೂ ತೂಬನ್ನೂ ಮಳೆಗಾಲಕ್ಕೆ ಮೊದಲು ಪರಿಶೀಲಿಸಬೇಕು. ಮೀನಿನ ಬಲೆ, ತೆಪ್ಪಗಳನ್ನು ಒಂದು ಕೆರೆಯಿಂದ ಇನ್ನೊಂದಕ್ಕೆ ಒಯ್ಯುವಾಗ ತೊಳೆದು ಬಿಸಿಲಿಗೆ ಒಣಗಿಸಬೇಕು. ಸಾಕಣೆಗೆ ನಿಷೇಧವಿರುವ ಆಫ್ರಿಕಾದ ಕ್ಯಾಟ್‌ಫಿಶ್ ಮರಿಗಳನ್ನು ಬಿಡಲೇಬಾರದು. ಅದು ನಮ್ಮ ಕೆರೆಯ ಮೀನುಗಳನ್ನು ತಿಂದು ಬೆಳೆಯುವ ಮೀನು. ಮನೆಯ ಗಾಜಿನ ತೊಟ್ಟಿಯ ಮೀನು, ಗಿಡಗಳನ್ನು ಪುಣ್ಯವೆಂದು ಕೆರೆಗೆ ಬಿಡುವುದೂ ಬೇಡ.

ನಾಲ್ಕನೆಯದು ಬೆಟ್ಟ. ರಾಮನಗರ, ಮಾಗಡಿ, ಕನಕಪುರಗಳ ಕಲ್ಲುಬೆಟ್ಟಗಳ ಇಳಿಜಾರಿನಲ್ಲಿ ಲಂಟಾನ ಹಬ್ಬಿರುವುದನ್ನು ನಾವು ಬೆಟ್ಟದವರು ದಿನವೂ ನೋಡುತ್ತಿದ್ದೇವೆ. 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಉದ್ಯಾನಕ್ಕೆ ಅಲಂಕಾರದ ಗಿಡವಾಗಿ ಬಂದ ಇದು, 2020ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ, ದೇಶದ ಹುಲಿ ನೆಲೆಗಳ ಶೇ. 40ಕ್ಕೂ ಹೆಚ್ಚು ಭಾಗವನ್ನು ವ್ಯಾಪಿಸಿದೆ. ಅದರಡಿ ಹುಲ್ಲು ಬೆಳೆಯುವುದಿಲ್ಲ; ಎಲೆ ತಿಂದ ದನಗಳಿಗೆ ವಿಷವೇರುತ್ತದೆ. ಆನೆಗಳು ಹೊಲಕ್ಕೆ ಬರುವುದಕ್ಕೆ ಕಾರಣಗಳು ಹಲವು. ಕಾಡಿನಲ್ಲಿ ಅವುಗಳ ಮೇವು ಕುಗ್ಗಿರುವುದೂ ಅವುಗಳಲ್ಲೊಂದು. ಬಿಳಿಗಿರಿರಂಗನ ಬೆಟ್ಟದ ಸೋಲಿಗರು, ತಮ್ಮ ಹಿರಿಯರು ಹಾಕುತ್ತಿದ್ದ ತರಗು ಬೆಂಕಿ ನಿಂತ ಮೇಲೆ ಲಂಟಾನ ಹೆಚ್ಚಿತೆಂದು ಹೇಳುತ್ತಾರೆ. ಕಾಲ, ಗಾಳಿ, ನೆಲವನ್ನು ಬಲ್ಲ ಸಮುದಾಯದ ಜ್ಞಾನ ಅದು. ಇಂದು ಲಂಟಾನದಿಂದ ತುಂಬಿರುವ ಬೆಟ್ಟಕ್ಕೆ ನಾವು ಬೆಂಕಿ ಹಚ್ಚಿದರೆ ಉಳಿದ ಮರಗಳೂ ಸುಡುತ್ತವೆ, ಲಂಟಾನ ಮಾತ್ರ ಬುಡದಿಂದ ಮತ್ತೆ ಚಿಗುರುತ್ತದೆ.

ಮೇಲ್ಭಾಗವನ್ನು ಸವರಿದರೂ ಫಲವಿಲ್ಲ. ದೆಹಲಿ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಸಿ.ಆರ್. ಬಾಬು ಅವರು ರೂಢಿಗೆ ತಂದ ವಿಧಾನ ಸರಳವಾಗಿದೆ: ನೆಲದಿಂದ ಸುಮಾರು ಮೂರು ಅಂಗುಲ ಕೆಳಗೆ ಬುಡವನ್ನು ಕತ್ತರಿಸಿ, ಗಿಡವನ್ನು ತಲೆಕೆಳಗಾಗಿಸಿ ಒಣಗಲು ಬಿಡಬೇಕು. ಹಣ್ಣು ತಿಂದ ಹಕ್ಕಿಗಳು ಕೂರುವ ಮರಗಳ ಅಡಿಯಲ್ಲಿ ಮೊಳೆಯುವ ಎಳೆಯ ಸಸಿಗಳನ್ನು ಎರಡು ಮೂರು ಮಳೆಗಾಲ ಬಿಡದೆ ಕೀಳಬೇಕು. ತೆರವಾದೆಡೆ ಸ್ಥಳೀಯ ಹುಲ್ಲು ಬಿತ್ತಬೇಕು. ಅರಣ್ಯದೊಳಗೆ ಈ ಕೆಲಸವನ್ನು ಇಲಾಖೆಯ ಅನುಮತಿಯಿಂದಲೇ ಮಾಡಬೇಕು. ನಮ್ಮ ಹೊಲ, ಗೋಮಾಳ, ದಾರಿಬದಿಗಳಿಗೆ ಯಾರನ್ನೂ ಕಾಯಬೇಕಾಗಿಲ್ಲ. ಮಲೆಮಹದೇಶ್ವರ ಬೆಟ್ಟದಲ್ಲಿ ಲಂಟಾನದ ಕಡ್ಡಿಯಿಂದ ಕುರ್ಚಿ, ಬುಟ್ಟಿಗಳನ್ನು ಹೆಣೆದು ಹಲವು ಕುಟುಂಬಗಳು ಆದಾಯ ಪಡೆದಿವೆ. ಅದು ಸಂತೋಷದ ವಿಷಯವೇ. ಆದರೆ ಆದಾಯಕ್ಕಾಗಿ ಕಳೆಯನ್ನು ಬೆಳೆಸುವ ಮಟ್ಟಕ್ಕೆ ನಾವು ಹೋಗಬಾರದು.

ವಿದ್ಯಾರ್ಥಿಗಳಿಗೆ ಎರಡು ಮಾತು

ವಿದ್ಯಾರ್ಥಿ ಮಿತ್ರರೆ, ಪರಿಸರ ದಿನದಂದು ನೀವು ಸಸಿ ನೆಡುತ್ತೀರಿ. ಆ ಸಸಿಯ ಹೆಸರನ್ನೂ ತವರನ್ನೂ ಕೇಳಿ ತಿಳಿದುಕೊಳ್ಳಿ. ಹಳದಿ ಹೂವಿನ ಸೆನ್ನಾ ಸ್ಪೆಕ್ಟಾಬಿಲಿಸ್ ಎಂಬ ಮರವನ್ನು ನೆರಳಿಗೆಂದೂ ಚೆಲುವಿಗೆಂದೂ ಜನರೇ ನೆಟ್ಟರು; ಇಂದು ವಯನಾಡು, ಬಂಡೀಪುರ, ನಾಗರಹೊಳೆಯ ಕಾಡುಗಳಲ್ಲಿ ಅದನ್ನು ತೆಗೆಯಲು ಹೆಣಗಬೇಕಾಗಿದೆ. ಹೊಂಗೆ, ಬೇವು, ನೇರಳೆ, ಅತ್ತಿ, ಹಾಗೂ ಚನ್ನಪಟ್ಟಣದ ಬೊಂಬೆಗೆ ಮೈಯಾದ ಆಲೆ ಮರ ನಮ್ಮಲ್ಲಿರುವಾಗ ಗುರುತಿಲ್ಲದ ಸಸಿಯ ಹಂಬಲವೇಕೆ?

ನಿಮ್ಮ ಶಾಲೆಯಲ್ಲಿ ಒಂದು ದಪ್ಪ ಪುಸ್ತಕವನ್ನಿಡಿ. ಊರಿನಲ್ಲಿ ಯಾವುದೇ ಹೊಸ ಗಿಡ, ಹುಳು, ಮೀನು, ಬಸವನಹುಳು ಕಂಡಾಗ ದಿನಾಂಕ, ಸ್ಥಳ, ಕಂಡವರ ಹೆಸರನ್ನು ಬರೆಯಿರಿ. ಮೊಬೈಲಿನಲ್ಲಿ ಚಿತ್ರ ತೆಗೆದು ಹೋಬಳಿಯ ರೈತ ಸಂಪರ್ಕ ಕೇಂದ್ರಕ್ಕೋ ಮಾಗಡಿ ತಾಲ್ಲೂಕಿನ ಕೃಷಿ ವಿಜ್ಞಾನ ಕೇಂದ್ರಕ್ಕೋ ತೋರಿಸಿರಿ. ಜೀವಂತ ಹುಳುವನ್ನು ಡಬ್ಬಿಯಲ್ಲಿಟ್ಟು ಊರಿಂದೂರಿಗೆ ಒಯ್ಯಬೇಡಿ. ಪೀಡೆ ಹರಡುವುದು ಹಾಗೆಯೇ. ಹತ್ತು ಬಾರಿ ಬರೆದುದರಲ್ಲಿ ಒಂಬತ್ತು ಸಲ ಅದು ಹಳೆಯ ಜೀವಿಯೇ ಆಗಿರಬಹುದು. ಹತ್ತನೆಯದು ಒಂದು ಬೆಳೆಯನ್ನು ಉಳಿಸಬಹುದು.

ಸಭಿಕರೆ, ನೆಲೆಯೂರಿದ ಲಂಟಾನವನ್ನೂ ಕಾಂಗ್ರೆಸ್ ಗಿಡವನ್ನೂ ನಮ್ಮ ತಲೆಮಾರಿನಲ್ಲಿ ಪೂರ್ತಿಯಾಗಿ ನಿರ್ಮೂಲ ಮಾಡುತ್ತೇವೆಂದು ಹೇಳುವವರನ್ನು ನಂಬಬೇಡಿ. ಅವುಗಳನ್ನು ಹದ್ದಿನಲ್ಲಿಡುವುದು ಪ್ರತಿವರ್ಷದ ಕೆಲಸ, ಹೊಲದ ಕಳೆ ತೆಗೆದಂತೆ. ಆದರೆ ಇನ್ನೂ ಬಾರದಿರುವ ಪೀಡೆಯನ್ನು ಬಾರದಂತೆ ತಡೆಯುವುದು ನಮ್ಮ ಕೈಯಲ್ಲೇ ಇದೆ. ಒಂದು ಎಲೆಯನ್ನು ತಿರುಗಿಸಿ ನೋಡುವುದಕ್ಕೆ, ಒಂದು ಚೀಲವನ್ನು ಬಿಸಿನೀರಿಗೆ ಅದ್ದುವುದಕ್ಕೆ, ಒಂದು ಬಲೆಯನ್ನು ಒಣಗಿಸುವುದಕ್ಕೆ ಹಣ ಬೇಕಾಗಿಲ್ಲ. ಮುಂದಿನ ಮುಂಗಾರಿನ ಮೊದಲ ಮಳೆ ಬಿದ್ದ ಮೂರನೆಯ ವಾರದಲ್ಲಿ ಒಂದು ದಿನವನ್ನು ಈ ಊರು ಗೊತ್ತುಪಡಿಸಲಿ. ಅಂದು ಮನೆಗೊಬ್ಬರಂತೆ ಬಂದು ದಾರಿಯ ಇಕ್ಕೆಲದ ಕಾಂಗ್ರೆಸ್ ಗಿಡವನ್ನು ಕೀಳುವಂತಾಗಲಿ. ಬೆಟ್ಟದ ನಮ್ಮ ಗೆಳೆಯರೂ ಬಂದು ಕೈಜೋಡಿಸುತ್ತಾರೆ.